ತೋಟ ಕಾಯೋ ಹೆಣ್ಣು ನಾಯಿಗೆ ವಯಸ್ಸಾಯಿತೇ? ಗರ್ಭಕೋಶದ ಕಡೆ ಗಮನ ಇರಲಿ

ಬಿಜೈನ ಮನೆಯಂಗಳ ಇರಲಿ, ಬಂಟ್ವಾಳದ ಅಡಿಕೆ ತೋಟ ಇರಲಿ, ಆರೇಳು ವರ್ಷ ದಾಟಿದ, ಆಪರೇಷನ್ ಆಗದ ಹೆಣ್ಣು ನಾಯಿ ಸಾಕಿದವರಿಗೆ ‘ಪಯೋಮೆಟ್ರಾ’ ಗೊತ್ತಿರಬೇಕು. ಅಂದರೆ ಗರ್ಭಕೋಶದಲ್ಲಿ ಕೀವು ತುಂಬುವ ರೋಗ.

ಪ್ರತಿ ಸಲ ಬೆದೆ ಮುಗಿದ ಮೇಲೆ, ಗರ್ಭ ಕಟ್ಟದಿದ್ದರೂ, ಸುಮಾರು ಎರಡು ತಿಂಗಳು ಪ್ರೊಜೆಸ್ಟರಾನ್ ಹಾರ್ಮೋನ್ ಹೆಚ್ಚಿರುತ್ತದೆ. ಇದರಿಂದ ಗರ್ಭಕೋಶದ ಒಳಪದರ ವರ್ಷ ಕಳೆದಂತೆ ದಪ್ಪಗಾಗಿ, ಬ್ಯಾಕ್ಟೀರಿಯಾ ಬೆಳೆಯಲು ಅನುಕೂಲ ಆಗುತ್ತೆ. ಬೆದೆ ತಡೆಯುವ ಹಾರ್ಮೋನ್ ಇಂಜೆಕ್ಷನ್ ಕೊಡಿಸಿದರೆ ಅಪಾಯ ಇನ್ನೂ ಜಾಸ್ತಿ.

ಬೆದೆ ಮುಗಿದು ಎರಡು ತಿಂಗಳವರೆಗೆ ಇವನ್ನು ನೋಡುತ್ತಿರಿ:

• ವಿಪರೀತ ನೀರು ಕುಡಿಯೋದು, ಪದೇ ಪದೇ ಮೂತ್ರ
• ಊಟ ಬಿಡೋದು, ವಾಂತಿ, ಮಂಕು
• ಹೊಟ್ಟೆ ಉಬ್ಬುವುದು
• ಬಾಲದ ಕೆಳಗೆ ಕೀವು, ರಕ್ತ, ಕೆಟ್ಟ ವಾಸನೆ

ಕೀವು ಕಾಣಲಿಲ್ಲ ಅಂತ ಸುಮ್ಮನಿರಬೇಡಿ. ಗರ್ಭಕೋಶದ ಬಾಯಿ ಮುಚ್ಚಿದ್ದರೆ ಕೀವು ಒಳಗೇ ಉಳಿಯುತ್ತೆ, ಅದೇ ಹೆಚ್ಚು ಅಪಾಯ. ಮೆಡಿಕಲ್‌ನಿಂದ ಮಾತ್ರೆ ತಂದು ಹಾಕಿ ಕಾಯಬೇಡಿ. ಅದೇ ದಿನ ಪಶುವೈದ್ಯರಿಗೆ ತೋರಿಸಿ. ಗರ್ಭಕೋಶ, ಅಂಡಾಶಯ ತೆಗೆಯುವ ಆಪರೇಷನ್ನೇ ಮುಖ್ಯ ಚಿಕಿತ್ಸೆ. ತಡವಾದರೆ ನಾಯಿ ಉಳಿಯೋದು ಕಷ್ಟ.

ಒಮ್ಮೆ ಮರಿ ಹಾಕಿದರೆ ಈ ರೋಗ ಬರಲ್ಲ ಅಂತ ನಂಬಬೇಡಿ. ಮರಿ ಬೇಡದಿದ್ದರೆ ನಾಯಿ ಗಟ್ಟಿಮುಟ್ಟಾಗಿರುವಾಗಲೇ ಸಂತಾನಹರಣ ಮಾಡಿಸಿ. ಅಲ್ಲಿವರೆಗೆ ಬೆದೆಗೆ ಬಂದ ದಿನಾಂಕ ಮೊಬೈಲ್‌ನಲ್ಲಿ ಬರೆದಿಡಿ, ಡಾಕ್ಟರ್ ಕೇಳಿದಾಗ ಬೇಕಾಗುತ್ತೆ.