ಚೂರಿಯನ್ನು ಬಾಲದ ಕಡೆಯಿಂದ ನೋಡಿ

ಚೂರಿ ಅಂದಕೂಡಲೇ ಮುಂಬಯಿಯವರಿಗೆ ನೆನಪಾಗುವುದು ಹಿಂದಿ ಸಿನಿಮಾದ ರಾಂಪುರಿ. ಟಕ್ಕೆಂದು ತೆರೆದುಕೊಂಡು ನಾಯಕನ ಎದೆಗೆ ಗುರಿಯಾಗುವ ಆ ಚೂರಿಯ ಮಾತು ಇಲ್ಲಿಲ್ಲ. ಮಳೆ ಹಿಡಿದ ಮೇಲೆ ಶನಿವಾರ ರಾತ್ರಿ ಮಾಟುಂಗದಿಂದ ಹೊರಟು, ದಾದರಿನಲ್ಲಿ ಕಸಾರ ಗಾಡಿಯನ್ನೋ ಕರ್ಜತ್ ಗಾಡಿಯನ್ನೋ ಹಿಡಿದು, ಕಳಸೂಬಾಯಿ, ರಾಜಮಾಚಿ, ಹರಿಶ್ಚಂದ್ರಗಡ ಎಂದು ಗುಡ್ಡ ಹತ್ತುವ ಗೆಳೆಯರು ನಮ್ಮ ಬಳಗದಲ್ಲಿ ಕಡಿಮೆಯಿಲ್ಲ. ಪ್ರತಿ ಜೂನಿನಲ್ಲೂ ಅವರಲ್ಲೊಬ್ಬರು ಕೇಳಿಯೇ ಕೇಳುತ್ತಾರೆ: "ಕಾಡಿಗೆ ಎಂಥ ಚೂರಿ ತಗೊಳ್ಳೋದು ಮಾರಾಯ?" ಸಾಹಿತ್ಯದ ಪತ್ರಿಕೆಯಲ್ಲಿ ಚೂರಿಗೇನು ಕೆಲಸ ಎಂದು ಮೂಗು ಮುರಿಯುವವರು ಅಲಗು, ಮೊನೆ, ಒರೆ, ಸಾಣೆ, ಹದ ಎಂಬ ಮಾತುಗಳನ್ನು ಒಮ್ಮೆ ಬಾಯಲ್ಲಿ ಆಡಿಸಿ ನೋಡಲಿ. ಇವೆಲ್ಲ ಕವಿಗಳ ಮನೆಯಲ್ಲಿ ಹುಟ್ಟಿದವಲ್ಲ, ಕುಲುಮೆಯಲ್ಲಿ ಹುಟ್ಟಿದವು.

ಮಡಚುವ ಚೂರಿ ಹಣ್ಣು ಕೊಯ್ಯಲಿಕ್ಕೆ ಚೆನ್ನ. ಆದರೆ ಅದರ ನಡುವೆ ಒಂದು ಕೀಲಿದೆ. ಬಲವೆಲ್ಲ ಆ ಕೀಲಿನ ಮೇಲೆ ಬೀಳುತ್ತದೆ, ಕೆಸರು ಮರಳು ಹೋಗಿ ಕೂರುವುದೂ ಅಲ್ಲೇ. ಅದು ಜಾರಿ ಮಡಚಿಕೊಂಡರೆ ಸಿಕ್ಕಿಬೀಳುವುದು ನಮ್ಮ ಬೆರಳು. ದಾರಿಯಿಂದ ದೂರ, ಜಡಿಮಳೆಯಲ್ಲಿ, ಆಸ್ಪತ್ರೆಗೆ ನಾಲ್ಕು ಗಂಟೆಯ ನಡಿಗೆ ಇರುವಾಗ ಬೆರಳಿನ ಗಾಯ ಸಣ್ಣ ವಿಷಯವಲ್ಲ. ಅದಕ್ಕೇ ಕಾಡಿಗೆ ಮಡಚದ ಚೂರಿ.

ಅಂಗಡಿಯಲ್ಲಿ ಎಲ್ಲರೂ ಮೊದಲು ಮೊನೆ ನೋಡುತ್ತಾರೆ, ಆಮೇಲೆ ಹೊಳಪು, ಆಮೇಲೆ ಬೆನ್ನ ಮೇಲಿನ ಗರಗಸದ ಹಲ್ಲು. ನಾನು ಹೇಳುವುದು, ಚೂರಿಯನ್ನು ಹಿಂದಿನಿಂದ ನೋಡುತ್ತ ಬನ್ನಿ. ಅಲಗಿನ ಉಕ್ಕು ಹಿಡಿಯೊಳಗೆ ಹೋಗಿ ಸೇರುವ ಭಾಗವಿದೆಯಲ್ಲ, ಅದನ್ನು ಬಾಲ ಅನ್ನೋಣ. ಚೂರಿಯ ಆಯುಷ್ಯವೆಲ್ಲ ಆ ಬಾಲದಲ್ಲಿದೆ. ಅಲಗು ಒಂದು ಸನ್ನೆಗೋಲಿದ್ದ ಹಾಗೆ; ಮೊನೆಯ ಹತ್ತಿರ ಹಾಕಿದ ಬಲ ಅಲಗೂ ಹಿಡಿಯೂ ಕೂಡುವ ಭುಜದಲ್ಲಿ ಬಂದು ಹತ್ತುಪಟ್ಟು ಜಗ್ಗುತ್ತದೆ. ಆ ಭುಜದ ಮೂಲೆ ಚೌಕವಾಗಿ ಕತ್ತರಿಸಿದ್ದರೆ ಬಿರುಕು ಅಲ್ಲಿಂದಲೇ ಶುರು. ಮೂಲೆಯನ್ನು ದುಂಡಗೆ ತಿರುಗಿಸಿದ್ದರೆ ಬಲ ಹಂಚಿಹೋಗುತ್ತದೆ. ಹಿಡಿಯ ಅಗಲಕ್ಕೂ ಉದ್ದಕ್ಕೂ ಒಂದೇ ಪಟ್ಟಿಯಾಗಿ ಉಕ್ಕು ಹರಿದು, ಎರಡು ಕಡೆ ಮರದ ಚಕ್ಕೆ ಇಟ್ಟು ರಿವೆಟ್ಟು ಹೊಡೆದ ಚೂರಿಯನ್ನು ಕಣ್ಣಿಂದಲೇ ಪರೀಕ್ಷಿಸಬಹುದು. ಹಿಡಿಯ ಸುತ್ತ ಉಕ್ಕಿನ ಅಂಚು ಕಾಣುತ್ತದೆ.

ಇಲ್ಲಿ ಒಂದು ತಕರಾರು ಬರುತ್ತದೆ. ಸ್ವೀಡನ್ನಿನ ಮೋರಾ ಊರಿನ ಹೆಚ್ಚಿನ ಚೂರಿಗಳಲ್ಲಿ ಬಾಲ ಹಿಡಿಯ ತುದಿಯವರೆಗೆ ಬರುವುದಿಲ್ಲ, ಆದರೂ ಲೋಕವೆಲ್ಲ ಅವನ್ನು ಮೆಚ್ಚುತ್ತದಲ್ಲ? ನಿಜ. ಅವು ಕೆತ್ತುವ, ಕೊಯ್ಯುವ ಚೂರಿಗಳು. ಬೆನ್ನ ಮೇಲೆ ಕೊರಡಿನಿಂದ ಬಡಿದು ಸೌದೆ ಸೀಳುವ ಕೆಲಸಕ್ಕೆ ಇಳಿಯದಿದ್ದರೆ ಅವುಗಳಷ್ಟು ಕಡಿಮೆ ಬೆಲೆಗೆ ಅಷ್ಟು ಒಳ್ಳೆಯ ಅಲಗು ಸಿಗುವುದು ಕಷ್ಟ. ಬಡಿಯುವವರು ಪೂರ್ತಿ ಬಾಲದ್ದನ್ನೇ ಕೊಳ್ಳಲಿ.

ಕೊಳ್ಳಲೇಬಾರದ್ದು ಯಾವುದು ಅಂದರೆ ಟೊಳ್ಳು ಹಿಡಿಯದ್ದು. 1982ರಲ್ಲಿ 'ಫಸ್ಟ್ ಬ್ಲಡ್' ಎಂಬ ಅಮೆರಿಕದ ಚಿತ್ರ ಬಂತು. ಅದರಲ್ಲಿ ರ‍್ಯಾಂಬೋ ಕೈಯಲ್ಲಿದ್ದ ಚೂರಿಯನ್ನು ಜಿಮ್ಮಿ ಲೈಲ್ ಎಂಬ ಕುಶಲಿ ಮಾಡಿಕೊಟ್ಟಿದ್ದ. ಹಿಡಿಯೊಳಗೆ ಬೆಂಕಿಕಡ್ಡಿ, ಸೂಜಿ, ದಾರ, ಮುಚ್ಚಳದಲ್ಲಿ ದಿಕ್ಸೂಚಿ. ಅವನು ಮಾಡಿದ್ದು ಗಟ್ಟಿಯಾಗಿಯೇ ಇತ್ತು. ಅದನ್ನು ನೋಡಿ ಹುಟ್ಟಿದ ಅಗ್ಗದ ನಕಲುಗಳಲ್ಲಿ ಅಲಗಿನ ಬಾಲ ಹೆಬ್ಬೆರಳಿನ ಗೇಣೂ ಇಲ್ಲ, ಒಂದು ಮೊಳೆಯಷ್ಟು! ಅದನ್ನು ಕೊಳವೆಗೆ ಒಂದು ನಟ್ಟಿನಿಂದ ಬಿಗಿದಿರುತ್ತಾರೆ. ಒಂದು ಜುಲೈಯಲ್ಲಿ ನಮ್ಮ ತಂಡದವನೊಬ್ಬ ಫುಟ್‌ಪಾತಿನಲ್ಲಿ ಕೊಂಡ ಅಂಥ ಚೂರಿಯಿಂದ ಒಣಸೌದೆ ಸೀಳುತ್ತಿದ್ದ. ಮೂರನೆಯ ಏಟಿಗೆ ಹಿಡಿ ಅವನ ಕೈಯಲ್ಲಿ ಉಳಿಯಿತು, ಅಲಗು ಹಾರಿ ಪಕ್ಕದಲ್ಲಿ ಕೂತಿದ್ದವನ ರೈನ್‌ಕೋಟಿನ ತೋಳು ಸೀಳಿಕೊಂಡು ಹೋಯಿತು. ಕೋಟಿನ ಒಳಗೂ ಒಂದು ತೋಳಿತ್ತು, ಅದಕ್ಕೆ ತಗಲಲಿಲ್ಲ ಅಷ್ಟೆ. ಹಿಡಿಯೊಳಗಿನ ದಿಕ್ಸೂಚಿ ಆಗಲೂ ಸರಿಯಾಗಿ ಉತ್ತರವನ್ನೇ ತೋರಿಸುತ್ತಿತ್ತು.

ಹಿಡಿ ಅಂಗೈ ತುಂಬುವಂತಿರಬೇಕು, ನಾಲ್ಕೂ ಬೆರಳು ಒಳಗೆ ಹಿಡಿಯಬೇಕು. ಚಿಕ್ಕ ಕೈಯವರು ದೊಡ್ಡ ಹಿಡಿಯ ಚೂರಿ ಕೊಂಡರೆ ಅರ್ಧ ಗಂಟೆಯಲ್ಲಿ ಬೊಬ್ಬೆ ಏಳುತ್ತದೆ. ಕೈ ಮುಂದಕ್ಕೆ ಜಾರಿ ಬಾಯಿಯ ಮೇಲೆ ಹೋಗದಂತೆ ತಡೆಯುವ ಉಬ್ಬು ಮಾತ್ರ ಬೇಕೇಬೇಕು. ಕೈಗೆ ನೀರು ಹಚ್ಚಿಕೊಂಡು ಹಿಡಿದು ನೋಡಿ. ನಮ್ಮ ಕಾಡು ಒಣಗಿದ್ದಾಗ ಯಾರು ಹೋಗುತ್ತಾರೆ?

ಇನ್ನು ಅಲಗಿನ ಉದ್ದ. ಬೇಕಾದ್ದು 4ರಿಂದ 5 ಇಂಚು. ದಪ್ಪ 3ರಿಂದ 4 ಮಿಲ್ಲಿಮೀಟರು. ಇದನ್ನು ಕೇಳಿ ಹುಡುಗರು ಸಪ್ಪೆ ಮೋರೆ ಹಾಕುತ್ತಾರೆ, ಗೊತ್ತು. ಆದರೆ ಎರಡು ದಿನದ ತಿರುಗಾಟದಲ್ಲಿ ಚೂರಿ ಮಾಡುವ ಕೆಲಸ ಎಂಥದ್ದು? ಹಗ್ಗ ಕತ್ತರಿಸುವುದು, ಈರುಳ್ಳಿ ಹೆಚ್ಚುವುದು, ಒದ್ದೆ ಕಡ್ಡಿಯ ಮೇಲುಸಿಪ್ಪೆ ಹೆರೆದು ಒಳಗಿನ ಒಣ ಪುಡಿ ತೆಗೆಯುವುದು, ಬಟ್ಟೆ ಹರಿದು ಪಟ್ಟಿ ಮಾಡುವುದು. ಒಂಬತ್ತು ಇಂಚಿನ ಅಲಗಿನಿಂದ ಈರುಳ್ಳಿ ಹೆಚ್ಚಿ ನೋಡಿ. ಕಡಿಯುವ ಕೆಲಸಕ್ಕೆ ಬೇರೆಯೇ ಆಯುಧ ಉಂಟು. ಮಾಟುಂಗ ಮಾರ್ಕೆಟ್ಟಿನ ಹತ್ತಿರ ಎಳನೀರಿನವನ ಕೈಯಲ್ಲಿ ಕಾಣುವ ಕೋಯತಾ, ದಕ್ಷಿಣ ಕನ್ನಡದ ತೋಟದ ಕತ್ತಿ, ಮೈಸೂರಿನ ಕಡೆಯ ಮಚ್ಚು, ಕೊಡವರು ಬೆನ್ನಿಗೆ ತೋಡಂಗಿನಲ್ಲಿ ಸಿಕ್ಕಿಸುವ ಒಡಿಕತ್ತಿ, ಎಲ್ಲವೂ ಅಗಲ ಅಲಗಿನವು, ಮುಂದೆ ಭಾರವಿರುವವು, ತಮ್ಮ ತೂಕದಿಂದಲೇ ಕಡಿಯುವವು. ಆ ಕೆಲಸವನ್ನು ಚೂರಿಯಿಂದ ಮಾಡಿಸಹೋದರೆ ಚೂರಿಯೂ ಹಾಳು, ಕೆಲಸವೂ ಹಾಳು. ಅದೂ ಅಲ್ಲದೆ ಕಳಸೂಬಾಯಿ, ಹರಿಶ್ಚಂದ್ರಗಡಗಳು ಅಭಯಾರಣ್ಯದೊಳಗಿವೆ. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಲ್ಲಿ ಹಸಿಮರ ಕಡಿಯುವುದು ಅಪರಾಧ. 1646 ಮೀಟರ್ ಹತ್ತಿ ಹೋಗಿ ಮರ ಕಡಿಯಬೇಕಾದ ಗರಜೂ ಯಾರಿಗೂ ಇಲ್ಲ.

ಉಕ್ಕಿನ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಯಾಕೆಂದರೆ ಇದು ನಮ್ಮ ಮನೆಯದೇ ಮಾತು. ಮೈಸೂರು ಸೀಮೆಯ ಮೂಸೆಗಳಲ್ಲಿ ಕರಗಿಸಿದ ಉಕ್ಕು ಹಿಂದೆ ಹೊರದೇಶಗಳಿಗೆ ಹೋಗುತ್ತಿತ್ತು. ಅದನ್ನು ಇಂಗ್ಲಿಷರು 'ವುಟ್ಸ್' ಎಂದರು. ನಮ್ಮ 'ಉಕ್ಕು' ಎಂಬುದನ್ನು 'ವೂಕ್' ಎಂದು ಬರೆದದ್ದು ಅಚ್ಚಿನ ತಪ್ಪಿನಿಂದ ಹಾಗಾಯಿತೆಂದು ನಿಘಂಟುಕಾರರ ಊಹೆ. (ಅಚ್ಚಿನ ತಪ್ಪಿನಿಂದ ಒಂದು ಭಾಷೆಗೆ ಹೊಸ ಪದ ಸಿಕ್ಕಿತು, ನಮ್ಮ ಸಂಪಾದಕರು ಸಮಾಧಾನ ಪಟ್ಟುಕೊಳ್ಳಲಿ.) ಮೈಕೇಲ್ ಫ್ಯಾರಡೆಯಂಥವನು ವಿದ್ಯುತ್ತಿನ ದೊಡ್ಡ ಶೋಧಗಳಿಗೆ ಮೊದಲು, 1820ರ ಸುಮಾರಿಗೆ, ಈ ಉಕ್ಕಿನ ಗುಟ್ಟು ಹುಡುಕುತ್ತ ಕೂತಿದ್ದ.

ಈಗ ಸಿಗುವುದು ಎರಡು ಬಗೆ. ಒಂದು ಕಾರ್ಬನ್ ಉಕ್ಕು, ಇನ್ನೊಂದು ಸ್ಟೇನ್‌ಲೆಸ್. ಎರಡನೆಯದರಲ್ಲಿ ಕ್ರೋಮಿಯಂ ನೂರಕ್ಕೆ ಹತ್ತೂವರೆಗಿಂತ ಹೆಚ್ಚು. ಅದು ತುಕ್ಕನ್ನು ತಡೆಯುತ್ತದೆ. ಮೊದಲನೆಯದು ಬೇಗ ತುಕ್ಕು ಹಿಡಿದರೂ ಹೊಳೆಯ ಕಲ್ಲಿಗೆ ಉಜ್ಜಿದರೂ ಬಾಯಿ ಬರುತ್ತದೆ. ಸೋಮಾರಿಗಳಿಗೆ ಸ್ಟೇನ್‌ಲೆಸ್, ಎಣ್ಣೆ ಸವರುವ ಶ್ರದ್ಧೆ ಇರುವವರಿಗೆ ಕಾರ್ಬನ್. ನನ್ನದು ಕಾರ್ಬನ್.

ಕಮ್ಮಾರನಿಂದ ಮಾಡಿಸುವುದಾದರೆ ಅವನು ಲಾರಿಯ ಸ್ಪ್ರಿಂಗ್ ಪಟ್ಟಿ ತೆಗೆದುಕೊಳ್ಳುತ್ತಾನೆ. ಒಳ್ಳೆಯ ಉಕ್ಕೇ. ಆದರೆ ವರ್ಷಗಟ್ಟಲೆ ಕುಣಿದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದು. ಸಾಧ್ಯವಾದರೆ ಓಡದ ಹೊಸ ಪಟ್ಟಿಯ ತುಂಡನ್ನೇ ಕೊಡಿ. ಮುಖ್ಯ ಪ್ರಶ್ನೆ ಹದದ್ದು. ಅಲಗನ್ನು ಅಯಸ್ಕಾಂತ ಹಿಡಿಯದಷ್ಟು ಕೆಂಪಗೆ ಕಾಸಿ ಎಣ್ಣೆಯಲ್ಲಿ ಅದ್ದಿದರೆ ಗಡಸಾಗುತ್ತದೆ. ಮರಾಠಿಯವರು ಇದಕ್ಕೆ 'ಪಾಣಿ ದೇಣೆ' ಅನ್ನುತ್ತಾರೆ. ಅಷ್ಟಕ್ಕೇ ಬಿಟ್ಟರೆ ಗಾಜಿನ ಹಾಗೆ ಒಡೆಯುತ್ತದೆ. ಮತ್ತೆ ಮೆಲ್ಲಗೆ ಕಾಸಿ, ತಿಕ್ಕಿದ ಮೈ ಒಣಹುಲ್ಲಿನ ಬಣ್ಣಕ್ಕೆ ತಿರುಗಿದಾಗ, ಅಂದರೆ 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ನಿಲ್ಲಿಸಬೇಕು. ಈ ಎರಡನೆಯ ಕಾಸುವಿಕೆಯ ಬಗ್ಗೆ ಕೇಳಿ. ಉತ್ತರ ತಡವರಿಸಿದರೆ ಬೇರೆ ಕುಲುಮೆ ಹುಡುಕಿ. ಬಾಯಿಯ ಬುಡದಲ್ಲಿ ಅರ ಮೆಲ್ಲಗೆ ಆಡಿಸಿದರೂ ತಿಳಿಯುತ್ತದೆ: ಅರ ಕಚ್ಚಿಕೊಂಡರೆ ಉಕ್ಕು ಮೆತ್ತಗೆ, ಜಾರಿದರೆ ಗಡಸು.

ಬೆನ್ನಿನ ಗರಗಸ ಬೇಡ. ಸೀಳುವಾಗ ಕೊರಡನ್ನು ಕಚ್ಚುತ್ತದೆ, ಮರವನ್ನಂತೂ ಕೊಯ್ಯುವುದಿಲ್ಲ.

ಕಾನೂನಿನದ್ದೂ ಒಂದು ಮಾತು. ಆಯುಧಗಳ ನಿಯಮದಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧದ ಪಟ್ಟಿಗೆ ಸೇರುತ್ತದೆ. ಮನೆಗೆಲಸ, ಬೇಸಾಯಗಳಿಗೆಂದೇ ಮಾಡಿದವಕ್ಕೆ ವಿನಾಯಿತಿ. ಚಿಕ್ಕದಾದರೆ ಎಲ್ಲ ಸಲೀಸು ಅಂತಲ್ಲ. 1951ರ ಪೊಲೀಸ್ ಕಾಯಿದೆಯ 37ನೆಯ ಕಲಮಿನಂತೆ ಮುಂಬಯಿಯಲ್ಲಿ ಚೂರಿ ಹಿಡಿದು ತಿರುಗುವುದನ್ನು ಆಗಾಗ ನಿಷೇಧಿಸುತ್ತಾರೆ. ಲೋಕಲ್ ಗಾಡಿಯಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ನಿಲ್ಲುವ ಶೌರ್ಯ ಬೇಡ. ಒರೆಯೊಳಗೆ ಹಾಕಿ, ಟವೆಲಿನಲ್ಲಿ ಸುತ್ತಿ, ಚೀಲದ ತಳದಲ್ಲಿಡಿ.

ಒರೆಗೆ ಚೂರಿಯಷ್ಟೇ ಮಾನ ಕೊಡಬೇಕು. ತಲೆಕೆಳಗೆ ಹಿಡಿದು ಅಲ್ಲಾಡಿಸಿದರೂ ಚೂರಿ ಬೀಳಬಾರದು. ಜಾರಿ ಬಿದ್ದಾಗ ಮೊನೆ ಒರೆ ಹರಿದು ತೊಡೆಗೆ ಬರಬಾರದು. ಚರ್ಮದ್ದು ನೋಡಲು ಚಂದ, ಆದರೆ ವರ್ಷಕ್ಕೆ 2000 ಮಿಲ್ಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಊರಿನಲ್ಲಿ ಅದು ನೀರು ಕುಡಿದು ಬೂಷ್ಟು ಹಿಡಿಯುತ್ತದೆ, ಅಲಗಿಗೆ ತುಕ್ಕು ಅಂಟಿಸುತ್ತದೆ. ತಳದಲ್ಲಿ ನೀರು ಇಳಿಯಲು ತೂತಿರುವ ಗಟ್ಟಿ ಪ್ಲಾಸ್ಟಿಕ್ಕಿನದು ಮೇಲು. ಚರ್ಮದ್ದೇ ಬೇಕೆಂಬ ಹಟವಿದ್ದರೆ, ಭಾನುವಾರ ರಾತ್ರಿ ಎಷ್ಟೇ ನಿದ್ದೆ ಬರಲಿ, ಚೂರಿಯನ್ನು ಹೊರತೆಗೆದು ಒರೆಸಿ, ನಾಲ್ಕು ಹನಿ ಕೊಬ್ಬರಿ ಎಣ್ಣೆ ಸವರಿ ಕಾಗದದಲ್ಲಿ ಸುತ್ತಿಡಿ. ಒರೆಯನ್ನು ಬೇರೆಯಾಗಿ ಫ್ಯಾನಿನ ಕೆಳಗೆ ನೇತುಹಾಕಿ.