ತುಮಕೂರಿಗೆ ಬೇಕಾದ್ದು ಮೆಟ್ರೋನೋ, ಇನ್ನೆರಡು ಹಳಿಯೋ?

ತುಮಕೂರಿಗೆ ಮೆಟ್ರೋ ಬರುತ್ತದಂತೆ! 2024ರ ರಾಜ್ಯ ಬಜೆಟ್ಟಿನಲ್ಲಿ ಈ ಮಾತು ಬಂದಂದಿನಿಂದ ಬಸ್ ಸ್ಟ್ಯಾಂಡಿನಿಂದ ಹಿಡಿದು ಮಂಡಿಪೇಟೆಯ ಅಂಗಡಿ ಕಟ್ಟೆಯವರೆಗೆ ಇದೇ ಚರ್ಚೆ. ಮಾದಾವರದಿಂದ ತುಮಕೂರಿಗೆ ಸುಮಾರು 60 ಕಿ.ಮೀ., ಖರ್ಚು ಸುಮಾರು 20,649 ಕೋಟಿ ರೂಪಾಯಿ, ಅದೂ ಖಾಸಗಿಯವರ ಪಾಲುದಾರಿಕೆಯಲ್ಲಿ ಎಂಬ ಲೆಕ್ಕ 2025ರಲ್ಲಿ ಹೊರಬಿತ್ತು. ಕಿಲೋಮೀಟರ್ ಒಂದಕ್ಕೆ ಹೆಚ್ಚುಕಡಿಮೆ 346 ಕೋಟಿ!

ಬರಲಿ, ಬೇಡ ಅಂದವರ್ಯಾರು? ಆದರೆ ದಿನಾ ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಬೆಂಗಳೂರಿಗೆ ಓಡುವ ನೌಕರರಿಗೆ, ಚಿಕ್ಕಪೇಟೆಯಿಂದ ಸರಕು ತಂದು ಸಂಜೆಯೊಳಗೆ ಅಂಗಡಿ ಸೇರಬೇಕಾದ ವ್ಯಾಪಾರಿಗೆ ಒಂದು ಪ್ರಶ್ನೆ ಕಾಡುತ್ತಿದೆ. ಊರಿನ ಪಕ್ಕದಲ್ಲೇ ರೈಲು ಹಳಿ ಇದೆ. ಜೋಡಿ ಹಳಿಯಾಗಿದೆ, ಕರೆಂಟೂ ಬಂದಿದೆ. ಇಷ್ಟಿದ್ದೂ ಬೇಕಾದ ಹೊತ್ತಿಗೆ, ಬೇಕಾದಷ್ಟು ರೈಲು ಯಾಕಿಲ್ಲ?

ಎರಡೇ ಹಳಿ, ನೂರೆಂಟು ಗಾಡಿ

ಉತ್ತರ ಸರಳ. ತುಮಕೂರು–ಬೆಂಗಳೂರು ಸುಮಾರು 70 ಕಿ.ಮೀ. ದಾರಿ ತುಮಕೂರಿನವರದ್ದು ಮಾತ್ರವಲ್ಲ. ಅರಸೀಕೆರೆ, ದಾವಣಗೆರೆ, ಹುಬ್ಬಳ್ಳಿ, ಶಿವಮೊಗ್ಗ ಕಡೆಯ ಎಕ್ಸ್‌ಪ್ರೆಸ್ ಗಾಡಿಗಳು, ಗೂಡ್ಸ್ ಗಾಡಿಗಳು ಎಲ್ಲವೂ ಇದೇ ಎರಡು ಹಳಿಯ ಮೇಲೆ. 2023ರ ಜೂನ್‌ನಿಂದ ಧಾರವಾಡದ ವಂದೇ ಭಾರತ್ ಕೂಡ ಸೇರಿಕೊಂಡಿತು. ವೇಗದ ಗಾಡಿ ಹಿಂದೆ ಬಂತೆಂದರೆ ಊರೂರಿಗೆ ನಿಲ್ಲುವ ಲೋಕಲ್ ಗಾಡಿ ಪಕ್ಕದ ಲೂಪ್ ಹಳಿಗೆ ಸರಿದು ನಿಲ್ಲಲೇಬೇಕು. ದೊಡ್ಡವರ ಮೆರವಣಿಗೆಗೆ ಬಡವ ದಾರಿ ಬಿಟ್ಟ ಹಾಗೆ!

ಸಿಗ್ನಲ್ಲಿನ ವಿಚಾರವೂ ಇದೆ. ಹಳೇ ಪದ್ಧತಿಯಲ್ಲಿ ಒಂದು ಸ್ಟೇಷನ್ನಿಗೂ ಮುಂದಿನದಕ್ಕೂ ನಡುವೆ ಒಂದೊಂದು ಹಳಿಯಲ್ಲಿ ಒಂದೊಂದೇ ಗಾಡಿ. ಅದು ಮುಂದಿನ ಸ್ಟೇಷನ್ ಮುಟ್ಟಿದ ಮೇಲೇ ಇನ್ನೊಂದಕ್ಕೆ ದಾರಿ. ಆಟೋಮ್ಯಾಟಿಕ್ ಸಿಗ್ನಲ್ ಹಾಕಿದರೆ ಅದೇ ಅಂತರವನ್ನು ತುಂಡು ತುಂಡು ಮಾಡಿ, ಒಂದರ ಹಿಂದೆ ಒಂದು ಗಾಡಿ ಬಿಡಬಹುದು. ಮುಂಬೈಯಲ್ಲಿ ಮೂರ್ನಾಲ್ಕು ನಿಮಿಷಕ್ಕೊಂದು ಲೋಕಲ್ ಓಡುವುದರ ಗುಟ್ಟು ಇದೇ. ಜೊತೆಗೆ ಅಲ್ಲಿನ ಮುಖ್ಯ ದಾರಿಗಳಲ್ಲಿ ಲೋಕಲ್ಲಿಗೇ ಬೇರೆ ಹಳಿ ಇದೆ.

ಒಂದು ಲೆಕ್ಕ ಹಾಕಿ ನೋಡಿ. ಒಂದು ಲೋಕಲ್ ರೈಲಿಗೆ 1,500 ಜನ ಎಂದಿಟ್ಟುಕೊಂಡರೂ, 50 ಸೀಟಿನ ಬಸ್ಸಾದರೆ 30 ಬೇಕು. ಆ 30 ಬಸ್ಸು ನೆಲಮಂಗಲ ದಾಟಿ ಗೊರಗುಂಟೆಪಾಳ್ಯದ ಜಾಮ್‌ನಲ್ಲಿ ಸಾಲಾಗಿ ನಿಂತ ಚಿತ್ರ ಬಸ್ ಪ್ರಯಾಣಿಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ ಇನ್ನೂ ಕಷ್ಟ

ತುಮಕೂರು–ರಾಯದುರ್ಗ, ತುಮಕೂರು–ಚಿತ್ರದುರ್ಗ–ದಾವಣಗೆರೆ ಎಂಬ ಎರಡು ಹೊಸ ದಾರಿಗಳು ಮಂಜೂರಾಗಿ ವರ್ಷಗಳೇ ಕಳೆದಿವೆ. ಅರ್ಧ ಖರ್ಚು ಮತ್ತು ಜಮೀನು ರಾಜ್ಯದ್ದು ಎಂಬ ಒಪ್ಪಂದದ ಮೇಲೆ ಕೈಗೆತ್ತಿಕೊಂಡ ಕೆಲಸಗಳಿವು. ಮುಗಿದರೆ ಸಂತೋಷವೇ. ಆದರೆ ಆ ಎರಡೂ ದಾರಿಯ ಗಾಡಿಗಳು ಬೆಂಗಳೂರಿಗೆ ಹೋಗಬೇಕಾದ್ದು ಎಲ್ಲಿಂದ? ಇದೇ ತುಮಕೂರಿನಿಂದ, ಇದೇ ಎರಡು ಹಳಿಯ ಮೇಲೆ! ಎರಡು ಹೊಸ ಕಾಲುವೆ ತಂದು ಹಳೇ ತೂಬಿಗೆ ಬಿಟ್ಟರೆ ನೀರು ಎಷ್ಟು ಹರಿದೀತು?

ಮಲ್ಲಿಗೆ ಚಿಕ್ಕಬಾಣಾವರಕ್ಕೇ ನಿಂತಿತು

ಬೆಂಗಳೂರಿಗೆ ಲೋಕಲ್ ರೈಲು ಬೇಕೆಂಬ ಮಾತು 1980ರ ದಶಕದ ಆರಂಭದ್ದು. 2012ರಲ್ಲಿ ರೈಟ್ಸ್ ಸಂಸ್ಥೆ 8,759 ಕೋಟಿಯ ವರದಿ ಕೊಟ್ಟಿತು. ಇದ್ದ ದಾರಿಗಳನ್ನೇ ಸುಧಾರಿಸಿ ತುಮಕೂರು, ಮಂಡ್ಯ, ಬಂಗಾರಪೇಟೆಯಂಥ ಸುತ್ತಲಿನ ಊರುಗಳನ್ನು ಜೋಡಿಸುವ ಯೋಜನೆ ಅದು. ವರದಿ ವರದಿಯಾಗೇ ಉಳಿಯಿತು.

2018ರ ಕೇಂದ್ರ ಬಜೆಟ್ಟಿನಲ್ಲಿ 160 ಕಿ.ಮೀ.ಗೆ 17,000 ಕೋಟಿ ಎಂದರು. 2020ರ ಅಕ್ಟೋಬರಿನಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿದ್ದು 148 ಕಿ.ಮೀ.ಗೆ, 15,767 ಕೋಟಿಗೆ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ನಾಲ್ಕು ದಾರಿಗೆ ಹೂವಿನ ಹೆಸರು ಇಟ್ಟರು. ತುಮಕೂರಿನ ಕಡೆ ಮುಖ ಮಾಡಿದ ಮಲ್ಲಿಗೆ ಚಿಕ್ಕಬಾಣಾವರಕ್ಕೇ ನಿಂತಿತು.

2022ರ ಜೂನ್ 20ರಂದು ಪ್ರಧಾನಿ ನರೇಂದ್ರ ಮೋದಿ ಶಂಕುಸ್ಥಾಪನೆ ಮಾಡಿದರು. 40 ತಿಂಗಳಲ್ಲಿ ಮುಗಿಸುವ ಮಾತು ಬಂತು. ಆ 40 ತಿಂಗಳು 2025ರ ಅಕ್ಟೋಬರಿಗೆ ಮುಗಿಯಿತು. ಅಷ್ಟರಲ್ಲಿ ನಾಲ್ಕರಲ್ಲಿ ಒಂದು ದಾರಿಯಲ್ಲೂ ರೈಲು ಓಡಲಿಲ್ಲ. ಜಾಗ ಸಿಗದೆ ಕೆಲಸ ಕುಂಟಿ, 2025ರಲ್ಲಿ ಗುತ್ತಿಗೆದಾರ ಕಂಪನಿಯೇ ಕೈ ಎತ್ತಿತು.

2023ರಲ್ಲಿ ಯೋಜನೆಯ ಹೊಣೆ ಹೊತ್ತ ಕೆ-ರೈಡ್ ಎರಡನೇ ಹಂತದಲ್ಲಿ ಚಿಕ್ಕಬಾಣಾವರದಿಂದ ತುಮಕೂರಿಗೂ ದಾರಿ ಒಯ್ಯುವ ಪ್ರಸ್ತಾವ ಮುಂದಿಟ್ಟಿತು. ರೈಲ್ವೆಯಿಂದ ಒಪ್ಪಿಗೆ ಸಿಗಲಿಲ್ಲ. ಕೆ-ರೈಡಿನಲ್ಲಿ ರಾಜ್ಯದ ಪಾಲು 51, ರೈಲ್ವೆಯ ಪಾಲು 49. ಒಂದೇ ಮನೆಯ ಅಣ್ಣ ಕೇಳಿದ್ದನ್ನು ತಮ್ಮ ಬೇಡವೆಂದ ಕಥೆ!

ದುಡ್ಡು ಯಾರದ್ದು?

ಜಗಳದ ಬೇರು ಇರುವುದು ಇಲ್ಲಿ. ಉಪನಗರ ರೈಲಿಗೆ ಕೇಂದ್ರ 20, ರಾಜ್ಯ 20, ಉಳಿದ 60 ಭಾಗ ಸಾಲ ಎಂಬ ಲೆಕ್ಕ. ಸಾಲ ಕೊಡಲು ಜರ್ಮನಿಯ ಬ್ಯಾಂಕು, ಯುರೋಪಿನ ಬ್ಯಾಂಕು ಮುಂದೆ ಬಂದವು. ಕಟ್ಟುವ ಹಣ ಹೇಗೋ ಹುಟ್ಟುತ್ತದೆ. ಆಮೇಲೆ ದಿನಾ ಓಡಿಸುವ ನಷ್ಟ?

ಟಿಕೆಟ್ಟಿನಿಂದ ಖರ್ಚಿನ 57 ಭಾಗ ಮಾತ್ರ ವಾಪಸು ಬರುತ್ತದೆಂದು ರೈಲ್ವೆ ತನ್ನ ಟಿಕೆಟ್ಟಿನ ಮೇಲೇ ಅಚ್ಚು ಹಾಕಿಸಿತ್ತು. ಲೋಕಲ್ ಪ್ರಯಾಣಿಕರ ತಿಂಗಳ ಪಾಸಿನಲ್ಲಿ ಅದಕ್ಕಿಂತಲೂ ಕಡಿಮೆಯೇ ಹುಟ್ಟುವುದು. 2025ರ ಜುಲೈನಲ್ಲಿ ರೈಲು ದರ ಏರಿಸಿದಾಗಲೂ ಪಾಸಿನ ದರ ಮುಟ್ಟಲಿಲ್ಲ. ಪ್ರಯಾಣಿಕರಿಗೆ ಅದು ವರ. ಆದರೆ ರೈಲ್ವೆಯ ದೃಷ್ಟಿಯಲ್ಲಿ ಗೂಡ್ಸ್ ಗಾಡಿ ಲಾಭ, ಲೋಕಲ್ ಗಾಡಿ ನಷ್ಟ. ಇರುವ ಹಳಿಯಲ್ಲಿ ಯಾರಿಗೆ ಮೊದಲು ದಾರಿ ಸಿಕ್ಕೀತು, ಹೇಳಿ?

ಮೆಟ್ರೋದ ಲೆಕ್ಕವೇ ಬೇರೆ. 2025ರ ಫೆಬ್ರವರಿಯಲ್ಲಿ ಬೆಂಗಳೂರು ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಅದಕ್ಕೂ ಒಂದು ತಿಂಗಳ ಹಿಂದೆ ಸರ್ಕಾರಿ ಬಸ್ ದರ ನೂರಕ್ಕೆ 15 ಏರಿತ್ತು. ಖಾಸಗಿಯವರು ದುಡ್ಡು ಹಾಕಿ 60 ಕಿ.ಮೀ. ಮೆಟ್ರೋ ಕಟ್ಟಿದರೆ ಹಾಕಿದ್ದನ್ನು ತೆಗೆಯದೆ ಬಿಟ್ಟಾರೆಯೇ? ಟಿಕೆಟ್ಟಿನಲ್ಲಿ ಸಾಲದಿದ್ದರೆ ಸರ್ಕಾರ ತುಂಬಬೇಕು. ಸರ್ಕಾರ ಎಂದರೆ ಮತ್ತೆ ಅದೇ ಅಂಗಡಿಯವರು, ಅದೇ ಬಸ್ ಪ್ರಯಾಣಿಕರು.

ಉಪನಗರ ರೈಲಿನ ಅಂದಾಜು ಕಿ.ಮೀ.ಗೆ ಸುಮಾರು 106 ಕೋಟಿ. ಅದು 2020ರ ಲೆಕ್ಕ, ಈಗ ಏರಿದ್ದರೂ ಏರಿರಬಹುದು ಅನ್ನಿ. ಆದರೂ ಮೆಟ್ರೋದ 346 ಕೋಟಿ ಎಲ್ಲಿ, ಇದೆಲ್ಲಿ?

ಹಾಗಾದರೆ ಏನಾಗಬೇಕು?

2024ರಲ್ಲಿ ತುಮಕೂರಿನ ಸಂಸದ ವಿ. ಸೋಮಣ್ಣ ರೈಲ್ವೆ ರಾಜ್ಯ ಸಚಿವರಾದರು. ಅದೇ ವರ್ಷ ಯಶವಂತಪುರ–ತುಮಕೂರು ಮೆಮು ಗಾಡಿ ಬಂತು. ಒಳ್ಳೆಯದೇ ಆಯಿತು. ಆದರೆ ಒಂದು ಗಾಡಿಯಿಂದ ಊರಿನ ಹಸಿವು ಹಿಂಗದು. ಮೊದಲು ಸಿಗ್ನಲ್ ಸುಧಾರಣೆ, ಆಮೇಲೆ ಚಿಕ್ಕಬಾಣಾವರದವರೆಗೆ ಮೂರನೇ, ನಾಲ್ಕನೇ ಹಳಿ, ಡಾಬಸ್‌ಪೇಟೆಯ ಕಾರ್ಖಾನೆ ಪಾಳಿಗೂ ಬೆಂಗಳೂರಿನ ಆಫೀಸು ಹೊತ್ತಿಗೂ ಹೊಂದುವ ವೇಳಾಪಟ್ಟಿ. ಇದಕ್ಕೆಲ್ಲ ತಗಲುವ ನಷ್ಟವನ್ನು ಕೇಂದ್ರ ಎಷ್ಟು ಹೊರಬೇಕು, ರಾಜ್ಯ ಎಷ್ಟು ಹೊರಬೇಕು ಎಂಬುದು ಕಾಗದದ ಮೇಲೆ ಬರಬೇಕು.

ಬಾಯಿ ಮಾತಿನ ಮೆಟ್ರೋದಲ್ಲಿ ಈಗಾಗಲೇ ಎಲ್ಲರೂ ಹತ್ತಿ ಕೂತಾಗಿದೆ. ಮುಂದಿನ ಸಲ ಓಟು ಕೇಳಲು ಬರುವವರನ್ನು, ಅವರು ಯಾವ ಪಕ್ಷದವರೇ ಆಗಲಿ, ಅಂಗಡಿ ಮೆಟ್ಟಿಲ ಮೇಲೇ ನಿಲ್ಲಿಸಿ ಮೂರು ಮಾತು ಕೇಳಿ: ಬೆಳಗ್ಗೆ ಏಳರಿಂದ ಹತ್ತರೊಳಗೆ ಎಷ್ಟು ರೈಲು? ಯಾವ ವರ್ಷದಿಂದ? ಯಾರ ದುಡ್ಡಿನಲ್ಲಿ?