ಅಜ್ಜನ ನಾಲಿಗೆ, ಅಜ್ಜಿಯ ಬಾಯಾರಿಕೆ

‘ಸಾರಿಗೆ ಉಪ್ಪೇ ಬಿದ್ದಿಲ್ಲವಲ್ಲಮ್ಮ’ ಎಂದು ಅಜ್ಜ ತಟ್ಟೆಯ ಮುಂದೆ ಕುಳಿತು ಹೇಳಿದರೆ ಅಡುಗೆ ಮಾಡಿದವರ ಮುಖ ಸಣ್ಣಗಾಗುವುದು ಸಹಜ. ಅದೇ ಸಾರನ್ನು ಮೊಮ್ಮಗ ಎರಡೆರಡು ಸಲ ಬಡಿಸಿಕೊಂಡು ಉಂಡಿರುತ್ತಾನೆ. ಉಪ್ಪು ಹದವಾಗಿಯೇ ಇದೆ. ಹಾಗಾದರೆ ಅಜ್ಜ ಬೇಕೆಂದೇ ಕೊಂಕು ತೆಗೆಯುತ್ತಿದ್ದಾರೆಯೇ? (ಕೆಲವು ಮನೆಗಳಲ್ಲಿ ಅದೂ ಇರಬಹುದೆನ್ನಿ!) ಬಹುಪಾಲು ಮನೆಗಳಲ್ಲಿ ಹಾಗಲ್ಲ. ಒಂದೇ ಪಾತ್ರೆಯ ಸಾರು ಎರಡು ವಯಸ್ಸಿನ ಬಾಯಿಗಳಲ್ಲಿ ಎರಡು ಬಗೆಯಾಗಿ ರುಚಿಸುತ್ತದೆ. ಇಬ್ಬರು ಹೇಳುವುದೂ ನಿಜವೇ.

ನಾಲಿಗೆಯ ಮೇಲೆ ಮತ್ತು ಗಂಟಲಿನಲ್ಲಿ ಕೆಲವು ಸಾವಿರ ರುಚಿಮೊಗ್ಗುಗಳಿವೆ. ಅವುಗಳಲ್ಲಿರುವ ಜೀವಕೋಶಗಳು ಬಹಳ ಅಲ್ಪಾಯುಷಿಗಳು. ಸುಮಾರು ಹತ್ತು ದಿನ ಬದುಕಿ ಹೊಸ ಕೋಶಗಳಿಗೆ ಜಾಗ ಬಿಟ್ಟುಕೊಡುತ್ತವೆ. ವಯಸ್ಸಾದಂತೆ ಈ ಹೊಸ ಹುಟ್ಟು ಮಂದವಾಗುತ್ತದೆ. ಇದರ ಜೊತೆಗೆ ಜೊಲ್ಲಿನ ಮಾತೂ ಇದೆ. ಉಪ್ಪಾಗಲಿ ಸಕ್ಕರೆಯಾಗಲಿ ಜೊಲ್ಲಿನಲ್ಲಿ ಕರಗಿದರೆ ಮಾತ್ರ ರುಚಿಮೊಗ್ಗಿಗೆ ಮುಟ್ಟುತ್ತದೆ. ರಕ್ತದೊತ್ತಡಕ್ಕೆ, ಅಲರ್ಜಿಗೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಬಾಯಿಯನ್ನು ಒಣಗಿಸುತ್ತವೆ. ಇಂಥ ಮಾತ್ರೆಗಳನ್ನು ನುಂಗುವವರಲ್ಲಿ ಹಿರಿಯರೇ ಹೆಚ್ಚು.

ಆದರೆ ನಿಜವಾದ ನಷ್ಟ ಆಗುವುದು ನಾಲಿಗೆಯಲ್ಲಲ್ಲ, ಮೂಗಿನಲ್ಲಿ. ಇದನ್ನು ವಿದ್ಯಾರ್ಥಿಗಳು ಮನೆಯಲ್ಲೇ ಪರೀಕ್ಷಿಸಿ ನೋಡಬಹುದು. ಕಣ್ಣು ಮುಚ್ಚಿ, ಮೂಗನ್ನು ಬೆರಳುಗಳಿಂದ ಬಿಗಿಯಾಗಿ ಹಿಡಿದುಕೊಂಡು, ಏಲಕ್ಕಿ ಬೆರೆಸಿದ ಬೆಲ್ಲದ ಚೂರೊಂದನ್ನು ಬಾಯಲ್ಲಿಟ್ಟು ಅಗಿಯಿರಿ. ಬರಿಯ ಸಿಹಿ ತಿಳಿಯುತ್ತದೆ, ಅಷ್ಟೆ. ಈಗ ಮೂಗನ್ನು ಬಿಡಿ. ಏಲಕ್ಕಿ ಒಮ್ಮೆಗೇ ‘ಬಂತು’ ಎನ್ನಿಸುತ್ತದೆ. ಅಗಿಯುವಾಗ ಎದ್ದ ಪರಿಮಳ ಗಂಟಲಿನ ಹಿಂಬದಿಯಿಂದ ಮೂಗಿಗೆ ಏರುತ್ತದೆ. ನಾವು ರುಚಿ ಎಂದು ಕರೆಯುವುದರಲ್ಲಿ ದೊಡ್ಡ ಪಾಲು ಈ ಪರಿಮಳದ್ದೇ. ನೆಗಡಿಯಾದಾಗ ಊಟ ಸಪ್ಪೆಯಾಗುವುದೂ ಇದೇ ಕಾರಣಕ್ಕೆ.

ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಸಂಶೋಧಕರು 5ರಿಂದ 99 ವರ್ಷದವರೆಗಿನ 1,955 ಮಂದಿಯ ಮೂಗನ್ನು ಪರೀಕ್ಷಿಸಿ 1984ರಲ್ಲಿ ಫಲಿತಾಂಶ ಪ್ರಕಟಿಸಿದರು. 65ರಿಂದ 80 ವರ್ಷದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ವಾಸನೆ ಗುರುತಿಸುವ ಶಕ್ತಿ ಬಹಳವಾಗಿ ಕುಂದಿತ್ತು. 80 ದಾಟಿದವರಲ್ಲಿ ಸುಮಾರು ಮುಕ್ಕಾಲು ಪಾಲು ಜನರದ್ದು ಇದೇ ಸ್ಥಿತಿ. ಕಣ್ಣು ಮಂಜಾದರೆ ಕನ್ನಡಕ ಬರುತ್ತದೆ, ಕಿವಿ ಮಂದವಾದರೆ ಮನೆಮಂದಿ ಗಟ್ಟಿಯಾಗಿ ಮಾತಾಡುತ್ತಾರೆ. ಮೂಗು ಮಂದವಾದುದು ಮಾತ್ರ ಮನೆಯವರಿಗೂ ತಿಳಿಯುವುದಿಲ್ಲ, ಸ್ವತಃ ಅಜ್ಜನಿಗೂ ತಿಳಿಯುವುದಿಲ್ಲ. ಹಾಲು ಹಳಸಿದ್ದು, ಗ್ಯಾಸ್ ಸೋರಿದ್ದು ಗೊತ್ತಾಗದೆ ಹೋಗುವ ಅಪಾಯ ಬೇರೆ.

ಈ ಕೊರತೆಯನ್ನು ಅಜ್ಜ ಉಪ್ಪಿನಿಂದ ತುಂಬಿಕೊಳ್ಳಲು ಹೊರಡುತ್ತಾರೆ. ತಟ್ಟೆಯ ಬದಿಗೆ ಉಪ್ಪು, ಮೇಲೆ ಉಪ್ಪಿನಕಾಯಿ, ಜೊತೆಗೆ ಹಪ್ಪಳ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹಾಕಿರುವ ಮಿತಿ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ. ರಕ್ತದೊತ್ತಡ ಇರುವವರು ಇದನ್ನು ಮೀರಿದರೆ ಮಾತ್ರೆ ಒಂದು ಕಡೆ ಎಳೆಯುತ್ತದೆ, ಉಪ್ಪಿನಕಾಯಿ ಇನ್ನೊಂದು ಕಡೆ. ಪರಿಮಳ ಕಡಿಮೆಯಾಗಿದ್ದರೆ ಪರಿಮಳವನ್ನೇ ಹೆಚ್ಚಿಸುವುದು ಜಾಣತನ. ನಮ್ಮ ಒಗ್ಗರಣೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಇಂಗು, ಜೀರಿಗೆ, ಕರಿಬೇವುಗಳ ಸುವಾಸನೆಯ ತೈಲಗಳು ನೀರಿಗಿಂತ ಎಣ್ಣೆ ತುಪ್ಪದಲ್ಲಿ ಚೆನ್ನಾಗಿ ಕರಗುತ್ತವೆ. ಆದ್ದರಿಂದ ಒಂದು ಚಮಚ ಎಣ್ಣೆಯ ಒಗ್ಗರಣೆ ಇಡೀ ಪಾತ್ರೆಗೆ ಪರಿಮಳ ಹಂಚುತ್ತದೆ. ಬಡಿಸುವ ಮುನ್ನ ಹಿಂಡಿದ ನಿಂಬೆಹಣ್ಣಿನ ಹುಳಿ, ಉಪ್ಪು ಕಡಿಮೆ ಇದ್ದುದನ್ನು ಮರೆಮಾಚುತ್ತದೆ. ಸಾರು ಬಿಸಿಯಾಗಿರಬೇಕು, ಆರಿದ ಸಾರಿನಿಂದ ಪರಿಮಳ ಏಳುವುದಿಲ್ಲ. ಮನೆಮಂದಿಯೆಲ್ಲ ಉಂಡ ಮೇಲೆ ಕೊನೆಗೆ ಕೂರುವ ಅಜ್ಜಿಗೆ ಸಿಗುವುದು ಸಾಮಾನ್ಯವಾಗಿ ಆರಿದ ಸಾರೇ ಎಂಬುದನ್ನು ಇಲ್ಲಿ ನೆನಪಿಸಬೇಕಾಗುತ್ತದೆ.

ಇನ್ನು ‘ವಯಸ್ಸಾಯಿತು, ಒಂದಿಷ್ಟು ಗಂಜಿ, ತಿಳಿಸಾರು ಸಾಕು’ ಎಂಬ ಮಾತು. ಹಿರಿಯರೂ ಹೇಳುತ್ತಾರೆ, ಮನೆಯವರೂ ಒಪ್ಪುತ್ತಾರೆ. ಇದು ಅರ್ಧ ಮಾತ್ರ ಸರಿ. ಓಡಾಟ ಕಡಿಮೆಯಾದಾಗ ಅನ್ನದ ಪ್ರಮಾಣ ಕಡಿಮೆಯಾದರೆ ತಪ್ಪಿಲ್ಲ. ಪ್ರೋಟೀನು ಕಡಿಮೆಯಾಗುವಂತಿಲ್ಲ. ತಿಳಿಸಾರಿನ ಬಟ್ಟಲಿನಲ್ಲಿ ಬೇಳೆಗಿಂತ ಬೇಳೆಯ ನೆನಪೇ ಹೆಚ್ಚು! ವಯಸ್ಸಾದಂತೆ ಸ್ನಾಯುಗಳು ಕರಗುವುದಕ್ಕೆ 1989ರಲ್ಲಿ ಇರ್ವಿನ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ಸಾರ್ಕೊಪೀನಿಯ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಮಾಂಸದ ಕೊರತೆ ಎಂದರ್ಥ. ಕುರ್ಚಿಯಿಂದ ಏಳುವಾಗ ಕೈಯೂರುವುದು, ಬಸ್ಸಿನ ಮೆಟ್ಟಿಲು ಹತ್ತಲು ತೊಡೆ ಏಳದಿರುವುದು ಇದರ ಲಕ್ಷಣಗಳು. ಹಿರಿಯರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಪ್ರೋಟೀನು ಒಳ್ಳೆಯದೆಂದು ತಜ್ಞರ ಅಂತರರಾಷ್ಟ್ರೀಯ ತಂಡವೊಂದು 2013ರಲ್ಲಿ ಸಲಹೆ ಮಾಡಿತು. 50 ಕಿಲೋ ತೂಗುವ ಅಜ್ಜಿಗೆ ಇದು 50ರಿಂದ 60 ಗ್ರಾಂ ಆಯಿತು. ಒಂದು ಮೊಟ್ಟೆಯಲ್ಲಿ, ಒಂದು ಲೋಟ ಹಾಲಿನಲ್ಲಿ, ಒಂದು ಹಿಡಿ ಬೇಳೆಯಲ್ಲಿ ತಲಾ 6 ಗ್ರಾಮಿನ ಆಸುಪಾಸು ಪ್ರೋಟೀನಿದೆ. ಮಿಕ್ಕ ಲೆಕ್ಕವನ್ನು ಹೈಸ್ಕೂಲಿನ ಹುಡುಗರು ಮಾಡಬಲ್ಲರು. ತಿಳಿಯ ಬದಲು ಗಟ್ಟಿ ತೊವ್ವೆ, ಹೆಸರುಕಾಳಿನ ಹುಳಿ, ಗಟ್ಟಿ ಮೊಸರು, ಇವೇನೂ ದುಬಾರಿ ಉಪಾಯಗಳಲ್ಲ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರೋಟೀನು ಹೆಚ್ಚಿಸಬೇಕು. ಹಲ್ಲಿಲ್ಲದವರಿಗೆ ಹಳೇ ಮೈಸೂರಿನ ಮುದ್ದೆ ಒಂದು ವರವೇ ಸರಿ. ಅಗಿಯುವ ಗೊಡವೆಯಿಲ್ಲ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವೂ ಇದೆ. ನುಂಗುವಾಗ ಕೆಮ್ಮು ಬರುವಂತಿದ್ದರೆ ಮುದ್ದೆಗಿಂತ ಅಂಬಲಿ ಲೇಸು.

ತಟ್ಟೆಯ ಬಗ್ಗೆಯೂ ಒಂದು ಮಾತು. ಅರವತ್ತು ವರ್ಷದವರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತು ವರ್ಷದವರಿಗೆ ಹೋಲಿಸಿದರೆ ಸುಮಾರು ಮೂರನೆಯ ಒಂದು ಭಾಗ. ಪಾಪೆ ಕಿರಿದಾಗಿರುತ್ತದೆ, ಮಸೂರ ಹಳದಿಗಟ್ಟಿರುತ್ತದೆ. ಬೆಳಕು ಹೊಳೆಯುವ ಸ್ಟೀಲ್ ತಟ್ಟೆಯಲ್ಲಿ ಬೆಳ್ಳಗಿನ ಮೊಸರನ್ನ ಅವರಿಗೆ ಸರಿಯಾಗಿ ಕಾಣುವುದೇ ಇಲ್ಲ. ಆಲ್ಜೈಮರ್ಸ್ ಕಾಯಿಲೆಯವರಿಗೆ ಬಿಳಿಯ ಬದಲು ಗಾಢ ಕೆಂಪು ತಟ್ಟೆ ಲೋಟ ಕೊಟ್ಟಾಗ ಅವರು ಸುಮಾರು ಶೇ 25ರಷ್ಟು ಹೆಚ್ಚು ಉಂಡರೆಂದು 2004ರ ಅಧ್ಯಯನವೊಂದು ತಿಳಿಸಿತು. ಕೆಲವೇ ರೋಗಿಗಳ ಮೇಲೆ ನಡೆದ ಚಿಕ್ಕ ಪರೀಕ್ಷೆ ಅದು. ಆದರೂ ಹಸಿರು ಬಾಳೆಯೆಲೆಯ ಮೇಲೆ ಬಿಳಿಯ ಅನ್ನ ಎಷ್ಟು ಸ್ಪಷ್ಟವಾಗಿ ಎದ್ದು ಕಾಣುತ್ತದೆಂಬುದು ನಮಗೆ ಗೊತ್ತೇ ಇದೆ.

ಊಟಕ್ಕಿಂತಲೂ ದೊಡ್ಡ ವಿಷಯ ನೀರು. ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಭಾಗ ರಕ್ತದ ಸಾಂದ್ರತೆಯನ್ನು ಸದಾ ಅಳೆಯುತ್ತಿರುತ್ತದೆ. ರಕ್ತ ಗಟ್ಟಿಯಾದರೆ ಬಾಯಾರಿಕೆಯ ಸೂಚನೆ ಕೊಡುತ್ತದೆ. ವಯಸ್ಸಾದವರಲ್ಲಿ ಈ ಗಂಟೆ ಮೆತ್ತಗೆ ಬಾರಿಸುತ್ತದೆ. ಇದೂ 1984ರಲ್ಲಿಯೇ ಪ್ರಕಟವಾದ ಸಂಗತಿ. ಇಂಗ್ಲೆಂಡಿನಲ್ಲಿ 67ರಿಂದ 75 ವರ್ಷದ ಏಳು ಮಂದಿ ಆರೋಗ್ಯವಂತ ಗಂಡಸರನ್ನೂ 20ರಿಂದ 31 ವರ್ಷದ ಏಳು ಮಂದಿ ತರುಣರನ್ನೂ 24 ಗಂಟೆ ನೀರಿಲ್ಲದೆ ಇರಿಸಲಾಯಿತು. ಬಳಿಕ ಬೇಕಾದಷ್ಟು ನೀರು ಕುಡಿಯಿರಿ ಎಂದರು. ತರುಣರು ಗಟಗಟನೆ ಕುಡಿದು ಸರಿಹೋದರು. ಹಿರಿಯರಿಗೆ ಅಷ್ಟೇನೂ ಬಾಯಾರಿರಲಿಲ್ಲ! ಅವರ ರಕ್ತ ತರುಣರದಕ್ಕಿಂತ ಗಟ್ಟಿಯಾಗಿದ್ದರೂ ಅವರು ಕುಡಿದದ್ದು ಕಡಿಮೆ, ದೇಹದ ನೀರು ಮತ್ತೆ ಸಮಸ್ಥಿತಿಗೆ ಬರಲೂ ಇಲ್ಲ.

ಇದಕ್ಕೆ ಮೂತ್ರಪಿಂಡವೂ ಕೈಜೋಡಿಸುತ್ತದೆ. ಎಳೆಯ ಮೂತ್ರಪಿಂಡ ನೀರು ಸಾಲದಾದಾಗ ಮೂತ್ರವನ್ನು ಗಟ್ಟಿ ಮಾಡಿ ನೀರನ್ನು ಉಳಿಸಿಕೊಳ್ಳುತ್ತದೆ. ವಯಸ್ಸಾದ ಮೂತ್ರಪಿಂಡಕ್ಕೆ ಆ ಬಿಗಿ ಇರುವುದಿಲ್ಲ. ಹೀಗೆ ಬರುವುದು ಕಡಿಮೆ, ಹೋಗುವುದು ಹೆಚ್ಚು. ತೊಟ್ಟಿಯೂ ಚಿಕ್ಕದಾಗಿರುತ್ತದೆ. ತರುಣರ ದೇಹತೂಕದಲ್ಲಿ ಸುಮಾರು ಶೇ 60ರಷ್ಟು ನೀರಿದ್ದರೆ ವೃದ್ಧರಲ್ಲಿ ಅದು ಶೇ 50ರ ಹತ್ತಿರ. 50 ಕಿಲೋ ದೇಹದಲ್ಲಿ 30 ಲೀಟರಿನ ಬದಲು 25. ಬೇಸಿಗೆಯಲ್ಲಿ ಬೆವರಿಹೋಗುವ ಒಂದು ಲೀಟರು ಇಬ್ಬರಿಗೂ ಒಂದೇ ಅಲ್ಲ.

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ನಮ್ಮಲ್ಲಿ ಎಷ್ಟೋ ಸಲ ಕೆಡುಕು ಮಾಡಿದೆ. ನಿನ್ನೆಯವರೆಗೆ ಪೇಪರು ಓದಿ ರಾಜಕೀಯ ಚರ್ಚಿಸುತ್ತಿದ್ದ ಅಜ್ಜ ಇಂದು ಮಂಕಾಗಿ ಕುಳಿತಿದ್ದಾರೆ. ಹೊತ್ತುಗೊತ್ತು ತಿಳಿಯುತ್ತಿಲ್ಲ, ಮಗನನ್ನು ತಮ್ಮನ ಹೆಸರಿನಿಂದ ಕರೆಯುತ್ತಿದ್ದಾರೆ. ಮನೆಯವರು ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುತ್ತಾರೆ. ಮರೆವಿನ ಕಾಯಿಲೆ ಬರುವುದು ತಿಂಗಳು, ವರ್ಷಗಳ ಲೆಕ್ಕದಲ್ಲಿ. ಒಂದೆರಡು ದಿನದಲ್ಲಿ ಬಂದ ಗಲಿಬಿಲಿಯ ಹಿಂದೆ ಬೇರೆ ಕಾರಣ ಇರುತ್ತದೆ: ನೀರಿನ ಕೊರತೆ, ಸೋಡಿಯಂ ಏರುಪೇರು, ಮೂತ್ರದ ಸೋಂಕು, ಹೊಸದಾಗಿ ಶುರುಮಾಡಿದ ಮಾತ್ರೆ. ಮಾತು ತೊದಲಿ, ಕೈಯೊಂದು ಸೋತು ಬಂದರೆ ಪಾರ್ಶ್ವವಾಯುವೂ ಇರಬಹುದು. ಇವೆಲ್ಲ ಅಂದೇ ವೈದ್ಯರಲ್ಲಿಗೆ ಓಡಬೇಕಾದ ಸಂಗತಿಗಳು. ಸಕಾಲಕ್ಕೆ ಚಿಕಿತ್ಸೆ ಸಿಕ್ಕರೆ ಅಜ್ಜ ಮತ್ತೆ ರಾಜಕೀಯಕ್ಕೆ ಮರಳಬಹುದು. ಗಾದೆ ನಂಬಿ ಕುಳಿತರೆ ಮರಳದೆಯೂ ಇರಬಹುದು.

ಬಾಯಾರಿಕೆಯನ್ನು ನಂಬದೆ ಗಡಿಯಾರವನ್ನು ನಂಬುವುದೇ ಇದಕ್ಕೆ ಉಪಾಯ. ಬೆಳಿಗ್ಗೆ ಎದ್ದಾಗ, ಮಾತ್ರೆಯ ಜೊತೆ, ಊಟಕ್ಕೆ ಮುನ್ನ, ಸಂಜೆ ಹೀಗೆ ಹೊತ್ತು ಕಟ್ಟಿಕೊಳ್ಳಬೇಕು. ನೀರೇ ಆಗಬೇಕೆಂದಿಲ್ಲ, ಮಜ್ಜಿಗೆ, ಗಂಜಿತಿಳಿ, ಎಳನೀರು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ರಜೆಯಲ್ಲಿರುವ ಮೊಮ್ಮಕ್ಕಳು ಒಂದು ಅಳತೆಯ ಚೊಂಬಿಟ್ಟು, ಅಜ್ಜಿ ಒಂದು ದಿನದಲ್ಲಿ ನಿಜವಾಗಿ ಎಷ್ಟು ಕುಡಿಯುತ್ತಾರೆಂದು ಬರೆದಿಡಲಿ. ಹಲವು ಮನೆಗಳಲ್ಲಿ ಉತ್ತರ ನೋಡಿ ಗಾಬರಿಯಾದೀತು. ಹೃದಯ ದುರ್ಬಲವಾದವರಿಗೆ, ಮೂತ್ರಪಿಂಡ ಕೆಟ್ಟವರಿಗೆ ವೈದ್ಯರು ನೀರಿನ ಮಿತಿ ಹಾಕಿರುತ್ತಾರೆ. ಅವರಿಗೆ ಆ ಮಿತಿಯೇ ಪ್ರಮಾಣ.

ಮನೆಯಲ್ಲಿ ಹೇಗೋ ನಡೆದುಹೋಗುವ ಈ ಕೊರತೆ ಪ್ರಯಾಣದಲ್ಲಿ ಎದ್ದು ಕುಳಿತುಕೊಳ್ಳುತ್ತದೆ. ಬೇಸಿಗೆ ರಜೆ ಬಂದರೆ ಮನೆಮಂದಿಯೆಲ್ಲ ಟೆಂಪೊ ಟ್ರಾವೆಲರ್ ಮಾಡಿಕೊಂಡು ಹೊರನಾಡು, ಶೃಂಗೇರಿ, ಧರ್ಮಸ್ಥಳ ಎಂದು ಹೊರಡುತ್ತಾರೆ. ಹೊರಡುವ ದಿನ ಅಜ್ಜಿ ಬೆಳಗಿನಿಂದಲೇ ನೀರು ಬಿಡುತ್ತಾರೆ. ‘ದಾರಿಯಲ್ಲಿ ಎಲ್ಲಿ ಹೋಗುವುದಪ್ಪ?’ ಎಂಬ ಭಯ. ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆಯನ್ನೂ ಯಾರಿಗೂ ಹೇಳದೆ ತಪ್ಪಿಸುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಾಗ ಕರ್ನಾಟಕದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಖರ್ಚು ತಪ್ಪಿತು, ಈ ಭಯ ತಪ್ಪಲಿಲ್ಲ. ಸ್ವಂತ ವಾಹನವಾದರೆ ಎರಡು ಗಂಟೆಗೊಮ್ಮೆ ಶೌಚಾಲಯವಿರುವ ಕಡೆ ನಿಲ್ಲಿಸುತ್ತೇವೆಂದು ಹೊರಡುವ ಮುನ್ನವೇ ಹೇಳಬೇಕು. ಕೇಳಲು ಅವರಿಗೆ ಸಂಕೋಚ. ಮಾತ್ರೆಯ ಹೊತ್ತನ್ನು ಬದಲಿಸಬಹುದೇ ಎಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಸುಲಭ. ನಿಲ್ಲಿಸಿದಾಗ ನಾಲ್ಕು ಹೆಜ್ಜೆ ನಡೆದರೆ ಮೀನಖಂಡದ ಸ್ನಾಯುಗಳು ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕೂತರೆ ಪಾದ ಊದುವುದಷ್ಟೇ ಅಲ್ಲ, ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವೂ ಇದೆ.

ರೈಲು ಈ ದೃಷ್ಟಿಯಿಂದ ಮೇಲು. ಓಡಾಡಲು ಜಾಗ, ಒಳಗೇ ಶೌಚಾಲಯ. ಹಿರಿಯರಿಗಿದ್ದ ಟಿಕೆಟ್ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ನಿಲ್ಲಿಸಿದರು. 60 ದಾಟಿದ ಗಂಡಸರಿಗೂ 45 ದಾಟಿದ ಹೆಂಗಸರಿಗೂ ಲಭ್ಯವಿದ್ದಷ್ಟು ಕೆಳಗಿನ ಬರ್ತ್ ಕೊಡುವ ವ್ಯವಸ್ಥೆ ಬೇರೆಯದು. ಕಾಯ್ದಿರಿಸುವಾಗ ವಯಸ್ಸನ್ನು ಸರಿಯಾಗಿ ಬರೆಯಿಸಬೇಕು.

ಪ್ರವಾಸದ ಊಟದ ಹೊತ್ತು ಸಕ್ಕರೆ ಕಾಯಿಲೆಯವರಿಗೆ ಕಂಟಕ. ಬೆಳಿಗ್ಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು, ‘ಮುಂದಿನ ಊರಿನಲ್ಲಿ ಊಟ’ ಎನ್ನುತ್ತಾ ಮಧ್ಯಾಹ್ನ ಮೂರಾದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಬೆವರು, ಕೈನಡುಕ, ಸಿಡುಕು, ಆಮೇಲೆ ಮಂಪರು. ಎಚ್ಚರವಿರುವಾಗಲೇ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕೊಡಬೇಕು, ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಮತ್ತೆ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಡ್ರೈವರನ ಪಕ್ಕದ ಡಬ್ಬಿಯಲ್ಲಿ ಗ್ಲೂಕೋಸ್ ಪೊಟ್ಟಣ ಇರಲಿ.

ಹೊಟ್ಟೆ ತುಂಬ ಉಂಡ ಮೇಲಿನ ಒಂದೆರಡು ಗಂಟೆಯೂ ನಾಜೂಕಿನದೇ. ಊಟವಾದೊಡನೆ ರಕ್ತ ಕರುಳಿನ ಕಡೆಗೆ ಹರಿಯುತ್ತದೆ. ಎಳೆಯರ ಹೃದಯ, ರಕ್ತನಾಳಗಳು ತಕ್ಷಣ ಹೊಂದಿಸಿಕೊಳ್ಳುತ್ತವೆ. ಹಿರಿಯರಲ್ಲಿ ರಕ್ತದೊತ್ತಡ ಇಳಿದು ತಲೆ ತಿರುಗುವುದುಂಟು. ಪಾಯಸದ ಊಟ ಮುಗಿಸಿ, ಬಿಸಿಲಿನಲ್ಲಿ ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಲು ತಾತನನ್ನು ಹೊರಡಿಸುವುದು ಅವಿವೇಕ. ಬೆಟ್ಟ ಬೆಳಿಗ್ಗೆ, ಲಘು ಉಪಾಹಾರದ ಬಳಿಕ. ಊಟ ಇಳಿದು ಬಂದ ಮೇಲೆ.

ರಾತ್ರಿ ತಂಗುವ ಕೊಠಡಿಯಲ್ಲಿ ಹಿರಿಯರ ಮಂಚ ಬಚ್ಚಲಿಗೆ ಹತ್ತಿರವಿರಲಿ. ಮನೆಯ ಕತ್ತಲು ಅವರಿಗೆ ಪರಿಚಿತ, ಛತ್ರದ ಕತ್ತಲು ಅಲ್ಲ. ಬೆಳಕಿನಿಂದ ಕತ್ತಲಿಗೆ ಹೊಂದಿಕೊಳ್ಳಲು ಅವರ ಕಣ್ಣಿಗೆ ಹೆಚ್ಚು ಹೊತ್ತು ಬೇಕು. ಬಚ್ಚಲಿನ ದೀಪ ರಾತ್ರಿಯಿಡೀ ಉರಿಯಲಿ, ಒದ್ದೆ ನೆಲ ಒರೆಸಿರಲಿ, ದಿಂಬಿನ ಪಕ್ಕದಲ್ಲಿ ಟಾರ್ಚ್ ಇರಲಿ. ಎದ್ದೊಡನೆ ನಿಲ್ಲದೆ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಆಮೇಲೆ ಏಳಲಿ. ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಬೇಡಿರೆಂದು ಮಲಗುವ ಮುನ್ನ ಹೇಳಿಡಬೇಕು.